ಸೈಕಲ್ಲಿಗೆ ದೇಹವನ್ನಲ್ಲ, ದೇಹಕ್ಕೆ ಸೈಕಲ್ಲನ್ನು ಹೊಂದಿಸಿ

ನಮ್ಮ ಆರೋಗ್ಯ ಮಾಲಿಕೆಯ ಈ ವಾರದ ಪಾಠ ದೂರ ಪಯಣದ ಸೈಕಲ್ ಬಗ್ಗೆ. ಉದ್ದವಿದೆ, ಬಿಡುವು ಮಾಡಿಕೊಂಡು ಓದಿ. ಸೈಕಲ್ ಇಟ್ಟುಕೊಂಡೂ ತುಳಿಯದೆ ಬಾಲ್ಕನಿಯಲ್ಲಿ ನಿಲ್ಲಿಸಿದವರು ತಪ್ಪದೆ ಓದಿ.

ಊರಲ್ಲಿ ನಾವೆಲ್ಲ ಸೈಕಲ್ ಕಲಿತದ್ದು ಹೇಗೆ? ತಾಸಿನ ಬಾಡಿಗೆಗೆ ದೊಡ್ಡವರ ಸೈಕಲ್ ತಂದು, ಸೀಟು ಎಟುಕದೆ, ಬಾರಿನ ಕೆಳಗಿನ ಸಂದಿಯಲ್ಲಿ ಕಾಲು ತೂರಿಸಿ, ಸೊಂಟ ಸೊಟ್ಟ ಮಾಡಿಕೊಂಡು ತುಳಿದೆವು. ಹತ್ತು ವರ್ಷದ ದೇಹ ಹೇಗೆ ಬಾಗಿಸಿದರೂ ಬಾಗುತ್ತಿತ್ತು. ನಲವತ್ತೈದರ ದೇಹ ಹಾಗಲ್ಲ. ಅದು ಬಾಗುವುದಿಲ್ಲ, ನೋಯುತ್ತದೆ. ಈ ಸಣ್ಣ ಮಾತು ನನಗೆ ಅರ್ಥವಾಗಲು ಎರಡು ಬೆರಳು ಜೋಮು ಹಿಡಿಯಬೇಕಾಯಿತು.

*ನನಗೆ ಆದದ್ದು*

ನಾನಿರುವುದು ಬೇಗಂಪೇಟೆಯಲ್ಲಿ, ಹುಟ್ಟೂರು ಬೀದರ್. ನಡುವೆ ಸುಮಾರು 140 ಕಿ.ಮೀ. ಒಮ್ಮೆಯಾದರೂ ಸೈಕಲ್ ತುಳಿದುಕೊಂಡೇ ಊರಿಗೆ ಹೋಗಬೇಕೆಂಬ ಆಸೆ. ಅಂಗಡಿಯಲ್ಲಿ ನೋಡಲು ಚೆಂದವಿದ್ದ ಸೈಕಲ್ ಒಂದನ್ನು ಕೊಂಡೆ. ಯಾರೂ ನನ್ನ ಅಳತೆ ತೆಗೆದುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ಮೂರನೇ ಭಾನುವಾರ ಮೂವತ್ತೈದು ಕಿ.ಮೀ. ಹೋಗಿಬಂದೆ. ಮನೆಗೆ ಬಂದಾಗ ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು. ಒಂದು ದಿನದಲ್ಲಿ ಹೋಗುತ್ತದೆ ಅಂದುಕೊಂಡೆ. ಮೂರು ವಾರ ಅಂಗಿಯ ಗುಂಡಿ ಹಾಕಲೂ ಕಷ್ಟವಾಯಿತು.

ಡಾಕ್ಟರು ಕೈ ನೋಡಿ ಹೇಳಿದರು: ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ಅಲ್ನಾರ್ ನರ ಹ್ಯಾಂಡಲ್ ಮೇಲೆ ಒತ್ತಿಕೊಂಡಿದೆ. ಸೈಕಲ್ ಸವಾರರಲ್ಲಿ ಇದು ಹೊಸದಲ್ಲ. ಸೈಕಲ್ ಬಿಡಬೇಕಾ ಎಂದು ಕೇಳಿದೆ. "ಬಿಡೋದು ಯಾಕೆ? ಚಪ್ಪಲಿ ಕಚ್ಚಿದರೆ ನಡೆಯೋದು ಬಿಡ್ತೀರಾ? ಅಳತೆ ಸರಿಮಾಡ್ಕೊಳ್ಳಿ" ಅಂದರು. ಅಂದಿನಿಂದ ಕಲಿತು, ಹಳೆಯ ಉಕ್ಕಿನ ಫ್ರೇಮ್ ಒಂದರ ಮೇಲೆ ನನ್ನ ಅಳತೆಯ ಸೈಕಲ್ ಕಟ್ಟಿಸಿಕೊಂಡೆ. ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

*1. ಮೊದಲು ಟೇಪು ಹಿಡಿಯಿರಿ*

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ದಪ್ಪ ಪುಸ್ತಕವೊಂದನ್ನು ಎರಡು ಕಾಲ ನಡುವೆ, ಸೀಟಿನ ಮೇಲೆ ಕೂತಷ್ಟು ಒತ್ತಿ, ಮೇಲಕ್ಕೆ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಮನೆಯವರು ಅಳೆಯಲಿ. ಇದು ಒಳಗಾಲಿನ ಅಳತೆ. ಇದನ್ನು 0.883 ರಿಂದ ಗುಣಿಸಿ. ಪೆಡಲ್ ತಿರುಗುವ ನಡುಗುಂಬದ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗೆ ಎಷ್ಟಿರಬೇಕೆಂಬ ಅಂದಾಜು ಸಿಗುತ್ತದೆ. ಒಳಗಾಲು 78 ಸೆಂ.ಮೀ. ಇದ್ದರೆ ಸೀಟು ಸುಮಾರು 69 ಸೆಂ.ಮೀ.

ಲೆಕ್ಕ ಬೇಡವೆನ್ನುವವರಿಗೆ ಇನ್ನೊಂದು ದಾರಿ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ಲನ್ನು ತೀರ ಕೆಳಗೆ ತಂದು ಹಿಮ್ಮಡಿ ಇಡಿ. ಕಾಲು ನೇರವಾಗಬೇಕು, ಸೊಂಟ ವಾಲಬಾರದು. ತುಳಿಯುವಾಗ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮೊಣಕಾಲು ತಾನಾಗಿಯೇ ಸ್ವಲ್ಪ ಮಡಚಿರುತ್ತದೆ.

ನೋವೇ ದಾರಿ ತೋರಿಸುತ್ತದೆ:
▪️ ಮೊಣಕಾಲಿನ ಮುಂದೆ ನೋವು: ಬಹುಮಟ್ಟಿಗೆ ಸೀಟು ತಗ್ಗಿದೆ, ಇಲ್ಲವೇ ಭಾರದ ಗೇರಿನಲ್ಲಿ ತುಳಿಯುತ್ತಿದ್ದೀರಿ.
▪️ ಮೊಣಕಾಲಿನ ಹಿಂದೆ ನೋವು, ಸೊಂಟ ಆಚೀಚೆ ಅಲುಗುವುದು: ಸೀಟು ಎತ್ತರವಾಗಿದೆ.
ಒಮ್ಮೆಗೆ 3 ರಿಂದ 5 ಮಿ.ಮೀ. ಮಾತ್ರ ಬದಲಿಸಿ, ಎರಡು ಮೂರು ದಿನ ತುಳಿದು ನೋಡಿ. ಸೀಟಿನ ಕಂಬಿಯ ಮೇಲೆ ಗರಿಷ್ಠ ಎತ್ತರದ ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಮೇಲೆತ್ತಬೇಡಿ, ಕಂಬಿ ಮುರಿದರೆ ದೊಡ್ಡ ಗಾಯ.

*2. ಫ್ರೇಮ್: ಬಣ್ಣವಲ್ಲ, ಅಳತೆ*

ದೂರ ಪಯಣಕ್ಕೆ ಉಕ್ಕಿನ ಫ್ರೇಮ್ ಒಳ್ಳೆಯದು. ತುಸು ತೂಕ ಹೆಚ್ಚು, ಆದರೆ ಬಿರುಕು ಬಿಟ್ಟರೆ ಸಣ್ಣ ಊರಿನಲ್ಲೂ ವೆಲ್ಡಿಂಗ್ ಆಗುತ್ತದೆ. ಬಾರಿನ ಮೇಲೆ ಕಾಲು ಹಾಕಿ ನಿಂತಾಗ ಮೂರು ನಾಲ್ಕು ಸೆಂ.ಮೀ. ಸಂದಿ ಇರಬೇಕು. ಹಿಂದಿನ ಚಕ್ರ ಪೆಡಲ್ಲಿನಿಂದ ತುಸು ದೂರವಿರಲಿ, ಇಲ್ಲದಿದ್ದರೆ ಕ್ಯಾರಿಯರ್ ಚೀಲಕ್ಕೆ ಹಿಮ್ಮಡಿ ಬಡಿಯುತ್ತಲೇ ಇರುತ್ತದೆ. ಕ್ಯಾರಿಯರ್, ಮಡ್‌ಗಾರ್ಡ್ ಕಟ್ಟಲು ಫ್ರೇಮಿನಲ್ಲೇ ಸ್ಕ್ರೂ ತೂತುಗಳಿವೆಯೇ ನೋಡಿ.

ಹಳೆಯ ಫ್ರೇಮ್ ಕೊಳ್ಳುವುದಾದರೆ ದಾರದ ಪರೀಕ್ಷೆ ಮಾಡಿ. ಹಿಂದಿನ ಚಕ್ರ ಕೂರುವ ಒಂದು ಬದಿಯಿಂದ ದಾರ ಎಳೆದು, ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಬದಿಗೆ ತನ್ನಿ. ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರ ಎರಡೂ ಕಡೆ ಒಂದೇ ಇದ್ದರೆ ಫ್ರೇಮ್ ನೇರವಿದೆ. ಕೊಳವೆಗಳ ಜೋಡಣೆಯಲ್ಲಿ ಬಿರುಕು, ಆಳದ ತುಕ್ಕು ಕಂಡರೆ ಬಿಟ್ಟುಬಿಡಿ.

ಸೀರೆ ಉಡುವವರು, ಸೊಂಟದ ಬಿಗಿತ ಇರುವವರು ಬಾರು ತಗ್ಗಿರುವ ಲೇಡೀಸ್ ಫ್ರೇಮ್ ಆರಿಸಿಕೊಳ್ಳಲಿ. ಇದರಲ್ಲಿ ಸಂಕೋಚ ಬೇಡ. ಕಾಲು ಎತ್ತಿ ಹಾಕುವಾಗ ಬೀಳುವುದಕ್ಕಿಂತ ಇದು ಎಷ್ಟೋ ಮೇಲು, ಗಂಡಸರಿಗೂ ಸಹ.

*3. ಸೀಟು: ಮೆತ್ತಗಿದ್ದರೆ ಸಾಲದು*

ಸೋಫಾದಂತೆ ಮೆತ್ತಗಿರುವ ಸೀಟು ಅಂಗಡಿಯಲ್ಲಿ ಹಾಯೆನಿಸುತ್ತದೆ. ಒಂದು ತಾಸಿನ ನಂತರ ದೇಹ ಅದರಲ್ಲಿ ಹೂತು, ಭಾರವೆಲ್ಲ ನಡುವಿನ ಮೃದು ಭಾಗದ ಮೇಲೆ ಬೀಳುತ್ತದೆ. ಅಲ್ಲಿನ ನರ, ರಕ್ತನಾಳ ಒತ್ತಿಕೊಂಡು ಜೋಮು ಬರುತ್ತದೆ. ಭಾರ ಹೊರಬೇಕಾದದ್ದು ಎರಡು ಕೂರುವ ಮೂಳೆಗಳು. ರಟ್ಟಿನ ಪೆಟ್ಟಿಗೆಯ ತುಂಡಿನ ಮೇಲೆ ಒಂದು ನಿಮಿಷ ಕುಳಿತು ಏಳಿ. ಮೂಡಿದ ಎರಡು ತಗ್ಗುಗಳ ಮಧ್ಯದ ಅಂತರ ಅಳೆದು, ಎರಡು ಸೆಂ.ಮೀ. ಸೇರಿಸಿ. ಹೆಚ್ಚು ಕಡಿಮೆ ಅಷ್ಟಗಲದ ಸೀಟು ಸಾಕು. ಹೆಂಗಸರಿಗೆ ಸಾಮಾನ್ಯವಾಗಿ ಅಗಲದ ಸೀಟು ಬೇಕಾಗುತ್ತದೆ. ಸೀಟು ಸಮವಾಗಿರಲಿ, ಮೂತಿ ಮೇಲೆದ್ದಿರಬಾರದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ಒತ್ತಡ ಬಿಡಿಸಿ.

*4. ಹ್ಯಾಂಡಲ್: ನಾನು ಎಡವಿದ ಜಾಗ*

ನನ್ನ ಮೊದಲ ಸೈಕಲ್ಲಿನಲ್ಲಿ ಹ್ಯಾಂಡಲ್ ಸೀಟಿಗಿಂತ ನಾಲ್ಕು ಬೆರಳು ಕೆಳಗಿತ್ತು, ದೂರವೂ ಇತ್ತು. ಮೈಭಾರವೆಲ್ಲ ಅಂಗೈ ಮೇಲೆ. ದೂರ ಪಯಣಕ್ಕೆ ಹ್ಯಾಂಡಲ್ ಸೀಟಿನ ಮಟ್ಟಕ್ಕಿರಲಿ, ತುಸು ಮೇಲಿದ್ದರೂ ಸರಿ. ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು, ಮಣಿಕಟ್ಟು ನೇರವಿರಬೇಕು, ಭುಜ ಕಿವಿಗೆ ಏರಬಾರದು. ಹ್ಯಾಂಡಲ್ಲನ್ನು ಫೋರ್ಕಿಗೆ ಸೇರಿಸುವ ತುಂಡನ್ನು ಗಿಡ್ಡದ್ದಕ್ಕೆ ಬದಲಿಸಿದ್ದರಿಂದಲೇ ನನ್ನ ಅರ್ಧ ತೊಂದರೆ ಹೋಯಿತು.

ಉಳಿದರ್ಧ ಹೋದದ್ದು ಹಿಡಿಯುವ ಜಾಗ ಹೆಚ್ಚಿಸಿದ್ದರಿಂದ. ನೇರ ಹ್ಯಾಂಡಲ್ಲಿಗೆ ಎರಡೂ ತುದಿಯಲ್ಲಿ ಕೊಂಬಿನಂಥ ಹಿಡಿ ಹಾಕಿಸಿ. ಐದು ನಿಮಿಷಕ್ಕೊಮ್ಮೆ ಕೈಯ ಜಾಗ ಬದಲಿಸಿ. ಕಿರುಬೆರಳ ಕಡೆ ಜೋಮು ಬಂದರೆ ಅಲ್ನಾರ್ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬಂದರೆ ಮಣಿಕಟ್ಟಿನ ನಡುವೆ ಹಾಯುವ ಇನ್ನೊಂದು ನರ ಒತ್ತುತ್ತಿರಬಹುದು. ಕೆಲವು ದಿನದಲ್ಲಿ ಇಳಿಯದಿದ್ದರೆ, ಅಥವಾ ಹಿಡಿತದ ಬಲ ಕುಂದಿದರೆ, ತಡಮಾಡದೆ ಡಾಕ್ಟರಿಗೆ ತೋರಿಸಿ.

*5. ಗೇರು: ಮೊಣಕಾಲಿನ ರಕ್ಷಕ*

ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರುವ ಒಂದೇ ಗೇರಿನ ಸೈಕಲ್ ತೆಗೆದುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಸುಮಾರು ಎರಡೂವರೆ ಸುತ್ತು ಬರುತ್ತದೆ, ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಸಮನೆಲದಲ್ಲಿ ಸರಿ. ಚೀಲ ಹೇರಿಕೊಂಡು ಏರು ಹತ್ತುವಾಗ ಆ ಭಾರವನ್ನೆಲ್ಲ ಹೊರುವುದು ಮೊಣಕಾಲಿನ ಚಿಪ್ಪು. ಅದೇ ಮುಂದೆ 26, ಹಿಂದೆ 34 ಹಲ್ಲಿನ ಗೇರಿಗೆ ಬಂದರೆ ಒಂದು ಸುತ್ತಿಗೆ ಒಂದೂವರೆ ಮೀಟರಿನ ಆಸುಪಾಸು. ನಿಧಾನ, ಗಂಟೆಗೆ ಆರು ಕಿ.ಮೀ. ಆದೀತು, ಆದರೆ ಕಾಲಿಗೆ ಹಗುರ.

ಹಗುರ ಗೇರಿನಲ್ಲಿ ತುಳಿದರೆ ಅವಮಾನ ಎಂಬ ಭಾವನೆ ಹಳೆಯದು. ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲೇ ಸವಾರರಿಗೆ ಚೈನ್ ಬದಲಿಸುವ ಗೇರು ಬಳಸಲು ಬಿಟ್ಟದ್ದು 1937 ರಲ್ಲಿ. ಅದಕ್ಕೂ ಬಹಳ ಮೊದಲೇ, 1887 ರಲ್ಲಿ ಸೈಕಲ್ ಪತ್ರಿಕೆಯೊಂದನ್ನು ಶುರುಮಾಡಿದ ಫ್ರಾನ್ಸಿನ ಪಾಲ್ ದ ವಿವಿ, ದೂರ ಹೋಗುವವನಿಗೆ ಹಲವು ಗೇರು ಬೇಕೇ ಬೇಕೆಂದು ವಾದಿಸುತ್ತಿದ್ದ. ನಿಮಿಷಕ್ಕೆ 70 ರಿಂದ 90 ಸುತ್ತು ಹಗುರವಾಗಿ ತುಳಿಯುವ ಅಭ್ಯಾಸ ಮಾಡಿ. ಏರು ಬರುವ ಮೊದಲೇ ಗೇರು ಇಳಿಸಿ, ಬಂದ ಮೇಲಲ್ಲ.

*6. ಚಕ್ರ ಮತ್ತು ಹೊರೆ*

ತೆಳ್ಳಗಿನ ಟಯರ್ ಬೇಡ. 35 ರಿಂದ 40 ಮಿ.ಮೀ. ಅಗಲದ್ದು ಇರಲಿ. ನಮ್ಮ ರಸ್ತೆಯ ಕುಲುಕಾಟವನ್ನು ಟಯರ್ ನುಂಗಿದಷ್ಟೂ ಕೈ, ಕುತ್ತಿಗೆ, ಸೊಂಟ ಉಳಿಯುತ್ತವೆ. ಹಿಂದಿನ ಚಕ್ರಕ್ಕೆ 36 ಕಡ್ಡಿ ಇದ್ದರೆ ಹೊರೆ ತಡೆಯುತ್ತದೆ. ಗಾಳಿ ಎಷ್ಟೆಂದು ಟಯರಿನ ಮೇಲೆಯೇ ಬರೆದಿರುತ್ತದೆ, ಅದರ ಒಳಗೇ ಇರಲಿ.

ಬೆನ್ನಿಗೆ ಚೀಲ ಹಾಕಿಕೊಂಡು ದೂರ ಹೋಗಬೇಡಿ. ಭಾರವೆಲ್ಲ ಸೊಂಟಕ್ಕೂ ಅಂಗೈಗೂ ಇಳಿಯುತ್ತದೆ, ಬೆನ್ನು ಬೆವರಿ ಬಿಸಿಯೇರುತ್ತದೆ. ಕ್ಯಾರಿಯರ್‌ನ ಎರಡೂ ಬದಿಗೆ ಸಮತೂಕದ ಚೀಲ ಹಾಕಿ, ಭಾರದ ವಸ್ತು ತಳದಲ್ಲಿರಲಿ.

ಮನೆಯಲ್ಲೇ ಬಿಚ್ಚಿ ಜೋಡಿಸುವವರಿಗೆ ಒಂದು ಮಾತು. ಎಡ ಪೆಡಲ್ಲಿನ ಮರೆ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಗೊತ್ತಿಲ್ಲದೆ ಬಲವಂತ ಮಾಡಿದರೆ ಮರೆ ಹಾಳು. ಬ್ರೇಕು, ಫೋರ್ಕು, ಚಕ್ರ ಈ ಮೂರನ್ನು ಮಾತ್ರ ಕೈಪಳಗಿದ ಮೇಸ್ತ್ರಿಯಿಂದಲೇ ಒಮ್ಮೆ ನೋಡಿಸಿ.

*7. ನಿಮ್ಮದೇ ಗುರುತು*

ಸೈಕಲ್ ನಿಮ್ಮದಾಗುವುದು ಇಲ್ಲಿ. ನಾನು ಕನ್ನಡಿ, ಗಟ್ಟಿ ಗಂಟೆ, ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹಾಕಿಸಿದೆ. ಕ್ಯಾರಿಯರ್ ಹಿಂದೆ ಹೊಳೆಯುವ ಪಟ್ಟಿಯಲ್ಲಿ ಊರ ಹೆಸರನ್ನು ಕನ್ನಡದಲ್ಲಿ ಬರೆಸಿದೆ. ಸಿಗ್ನಲ್ಲಿನಲ್ಲಿ ಅದನ್ನು ಓದಿ ಮಾತಾಡಿಸಿದವರಿದ್ದಾರೆ.

ಹೆಲ್ಮೆಟ್ ಒಳಗೆ ಒಂದು ಚೀಟಿ ಇರಲಿ: ಹೆಸರು, ರಕ್ತದ ಗುಂಪು, ಮನೆಯವರ ಫೋನು, ಇರುವ ಕಾಯಿಲೆ, ನುಂಗುವ ಮಾತ್ರೆ. ಪರಊರಲ್ಲಿ ಬಿದ್ದವರ ಪರವಾಗಿ ಮಾತಾಡುವುದು ಆ ಚೀಟಿಯೇ. ಹೈದರಾಬಾದಿನಲ್ಲಾದರೆ ತೆಲುಗು ಅಥವಾ ಇಂಗ್ಲಿಷಿನಲ್ಲೂ ಬರೆಯಿರಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಹ್ಯಾಂಡಲ್ ಚೀಲದಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೊಳ್ಳಿ. ಕೈ ನಡುಕ, ತಣ್ಣನೆ ಬೆವರು, ತಲೆ ತಿರುಗುವುದು ಶುರುವಾದರೆ ಕೂಡಲೇ ನಿಂತು, ಮೂರು ಚಮಚದಷ್ಟು, ಅಂದರೆ ಸುಮಾರು 15 ಗ್ರಾಂ, ನೀರಲ್ಲಿ ಕಲಸಿ ಕುಡಿದು 15 ನಿಮಿಷ ಕಾಯಿರಿ. ಇಳಿಯದಿದ್ದರೆ ಮತ್ತೊಮ್ಮೆ ಕುಡಿದು ಸಹಾಯ ಕರೆಯಿರಿ.

*8. ಊರಿಗೆ ಹೊರಡುವ ಮೊದಲು*

ವಯಸ್ಕರಿಗೆ ವಾರಕ್ಕೆ 150 ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020 ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ತಾಸು ಸೈಕಲ್ ತುಳಿದರೆ ಅದರಲ್ಲೇ ಬಂತು. ಅಲ್ಲಿಂದ ನಿಧಾನಕ್ಕೆ ಏರಿ.

▪️ ಮೊದಲೆರಡು ವಾರ: ಬೆಳಗಿನ ಜಾವ ನೆಕ್ಲೆಸ್ ರಸ್ತೆ, ಹುಸೇನ್ ಸಾಗರದ ದಂಡೆ. ಐದು ಹತ್ತು ಕಿ.ಮೀ. ಅಳತೆ ಸರಿಮಾಡಿಕೊಳ್ಳಲು ಮಾತ್ರ.
▪️ ಮುಂದಿನ ಮೂರು ವಾರ: ಔಟರ್ ರಿಂಗ್ ರಸ್ತೆ ಪಕ್ಕದ ಸೈಕಲ್ ಪಥ. 2023 ರ ಅಕ್ಟೋಬರ್ 1 ರಂದು ತೆರೆದಾಗ ಈ ದಾರಿ 23 ಕಿ.ಮೀ. ಇತ್ತು, ಮೇಲೆ ಸೌರ ಫಲಕಗಳ ಚಾವಣಿಯಿತ್ತು. ವಾಹನಗಳ ಕಾಟವಿಲ್ಲದೆ ದೂರ ತುಳಿದು ಎಲ್ಲಿ ನೋಯುತ್ತದೆ ಎಂದು ತಿಳಿಯಲು ಒಳ್ಳೆಯ ಜಾಗ.
▪️ ಆಮೇಲೆ: ಚೀಲ ಹೇರಿಕೊಂಡು ಪಟಾನ್‌ಚೆರುವರೆಗೆ ಹೋಗಿ ಬನ್ನಿ. ಸುಮಾರು 50 ಕಿ.ಮೀ.

ಎದೆನೋವು, ಬಿ.ಪಿ. ಹತೋಟಿಯಲ್ಲಿಲ್ಲದಿರುವುದು, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಶುರುಮಾಡಿ. ಏಪ್ರಿಲ್, ಮೇ ಬಿಸಿಲಲ್ಲಿ ದೂರ ಪಯಣ ಬೇಡ. ಬೇರೆ ತಿಂಗಳಲ್ಲೂ ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯಿರಿ, ಜೊತೆಗೆ ಓ.ಆರ್.ಎಸ್. ಪೊಟ್ಟಣ ಇರಲಿ.

*ಕೊನೆಗೆ*

ಡಿಸೆಂಬರ್‌ನಲ್ಲಿ ನಾನು ಹೊರಟೆ. ಸಂಗಾರೆಡ್ಡಿ ದಾಟಿ ಜಹೀರಾಬಾದ್‌ನಲ್ಲಿ ರಾತ್ರಿ ತಂಗಿದೆ. ಹೆದ್ದಾರಿಯಲ್ಲಿ ಕತ್ತಲಾದ ಮೇಲೆ ಒಂದು ಮಾರೂ ತುಳಿಯಲಿಲ್ಲ. ಸಾಗದಿದ್ದರೆ ಇರಲಿ ಎಂದು ರೈಲಿನ ವೇಳೆ ಬರೆದಿಟ್ಟುಕೊಂಡಿದ್ದೆ. ವಿಕಾರಾಬಾದ್ ಮೇಲಿಂದ ಬರುವ ರೈಲು ಮಾರ್ಗದಲ್ಲಿ ಜಹೀರಾಬಾದ್, ಬೀದರ್ ಎರಡೂ ಸಿಗುತ್ತವೆ. ಅದು ಬೇಕಾಗಲಿಲ್ಲ. ಬೀದರ್ ಹೈದರಾಬಾದಿಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಏರಿನಲ್ಲಿ ಸಣ್ಣ ಗೇರು ಹಾಕಿಕೊಂಡು ಎತ್ತಿನ ಬಂಡಿಯಂತೆ ಹತ್ತಿದೆ.

ಬಾಗಿಲು ತೆಗೆದ ಅವ್ವ ಸೈಕಲ್ ನೋಡಿ, ನನ್ನ ಮುಖ ನೋಡಿ ಕೇಳಿದಳು: "ಯಾಕಪ್ಪಾ, ಬಸ್ಸು ಸಿಗಲಿಲ್ಲೇನು?"

ಕೈ ತೊಳೆದು ಊಟಕ್ಕೆ ಕೂತೆ. ಐದೂ ಬೆರಳು ಸರಿಯಾಗಿದ್ದವು. ಜೋಳದ ರೊಟ್ಟಿ ಮುರಿಯಲು ಅಷ್ಟು ಸಾಕಲ್ಲ.

ನಿಮ್ಮ ಬಾಲ್ಕನಿಯ ಸೈಕಲ್ಲಿಗೆ ಹೊಸ ಬಣ್ಣ ಹೊಡೆಸುವ ಮೊದಲು ಇವತ್ತು ಸಂಜೆ ಮನೆಯವರ ಕೈಗೆ ಟೇಪು ಕೊಡಿ. ಒಳಗಾಲಿನ ಅಳತೆಯಿಂದ ಶುರುಮಾಡಿ.

ಉಪಯೋಗವೆನಿಸಿದರೆ ನಿಮ್ಮ ಬಂಧುಬಳಗದ ಗುಂಪಿಗೂ ಕಳುಹಿಸಿ.