ಗೆಳೆಯರು ನೋಡುತ್ತಿರುವಾಗ

ಪ್ರಶ್ನೆ: ನನ್ನ ಮಗನಿಗೆ 16 ವರ್ಷ, ಪಿಯುಸಿ ಮೊದಲ ವರ್ಷ. ಒಬ್ಬನೇ ಇದ್ದರೆ ಮೆತ್ತಗಿನ ಹುಡುಗ. ಗೆಳೆಯರು ಬಂದು ಹಾರ್ನ್ ಹೊಡೆದರೆ ಸಾಕು, ಅಪ್ಪನ ಬೈಕ್ ತೆಗೆದುಕೊಂಡು ರಿಂಗ್ ರೋಡಿನಲ್ಲಿ ವ್ಹೀಲಿ ಮಾಡುತ್ತಾನೆ. ಹೋದ ವಾರ ರಾತ್ರಿ ಒಂದೇ ಗಾಡಿಯಲ್ಲಿ ಮೂವರು ಕಮಲಾಪುರಕ್ಕೆ ಹೋಗಿ ಬಂದಿದ್ದಾರೆ. ಬೈದರೆ ‘ಏನೂ ಆಗಂಗಿಲ್ಲ ಬಿಡವ್ವಾ’ ಅಂತಾನೆ. ಇವನಿಗೆ ಸಾವಿನ ಭಯವೇ ಇಲ್ಲವೇ?
– ಒಬ್ಬ ತಾಯಿ, ಜೇವರ್ಗಿ ಕಾಲೋನಿ, ಕಲಬುರಗಿ

ಉತ್ತರ: ಭಯ ಇದೆ, ತಾಯಿ. ಅಪಾಯ ಗೊತ್ತಿಲ್ಲದೆ ಮಕ್ಕಳು ಹೀಗಾಡುತ್ತಾರೆ ಎನ್ನುವುದು ದೊಡ್ಡವರ ಊಹೆ. ಕೇಳಿ ನೋಡಿ, ಎಷ್ಟೋ ಅಪಾಯಗಳನ್ನು ಅವರು ಇರುವುದಕ್ಕಿಂತ ದೊಡ್ಡದು ಮಾಡಿಯೇ ಹೇಳುತ್ತಾರೆ. ಉತ್ತರ ನಿಮ್ಮ ಪತ್ರದಲ್ಲೇ ಇದೆ: ಒಬ್ಬನೇ ಇದ್ದರೆ ಮೆತ್ತಗೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೋ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಸಿಗ್ನಲ್ ಹಳದಿಯಾದ ಮೇಲೂ ಯಾರು ಎಷ್ಟು ಮುಂದೆ ನುಗ್ಗುತ್ತಾರೆ ಎಂಬುದೇ ಪರೀಕ್ಷೆ. 13ರಿಂದ 16ರ ಮಕ್ಕಳು ಗೆಳೆಯರು ಜೊತೆಗಿದ್ದಾಗ ಬಹಳ ಹೆಚ್ಚು ನುಗ್ಗಿದರು. 24 ದಾಟಿದವರಿಗೆ ಪಕ್ಕದಲ್ಲಿ ಯಾರಿದ್ದರೂ ಒಂದೇ. ಹರೆಯದಲ್ಲಿ ಮಿದುಳಿನ ಖುಷಿ ಬೇಡುವ ಭಾಗ ಬೇಗ ಚುರುಕಾಗುತ್ತದೆ, ತಡೆ ಹಾಕುವ ಮುಂಭಾಗ ಬಲಿಯಲು ಇಪ್ಪತ್ತು ದಾಟಬೇಕು. ಗೆಳೆಯನ ‘ಭಾರೀ ಲೇ’ ಎಂಬ ಒಂದು ಮಾತೂ ಆ ಖುಷಿಯೇ. ರೀಲ್ಸ್ ಬಂದ ಮೇಲಂತೂ ನೋಡುವವರಿಗೆ ಬರವಿಲ್ಲ.

ಆದ್ದರಿಂದ ಅಪಘಾತದ ವಿಡಿಯೊ ತೋರಿಸಿ ಹೆದರಿಸುವುದನ್ನು ಬಿಡಿ, ಕೀಲಿ ಎತ್ತಿಡಿ. ಇದನ್ನು ಅವನ ಅಪ್ಪನಿಗೂ ಓದಿ ಹೇಳಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತನ ಕೈಗೆ ಗಾಡಿ ಕೊಟ್ಟ ಪಾಲಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗದು. ಈ ಕಾನೂನಿನಿಂದ ಮಗನಿಗೂ ಒಂದು ಲಾಭವಿದೆ. ‘ನಮ್ಮಪ್ಪ ಜೈಲಿಗೆ ಹೋಗ್ತಾನ, ಕೀಲಿ ಕೊಡಂಗಿಲ್ಲ’ ಎಂದು ಹೇಳಿ ಗೆಳೆಯರ ಮುಂದೆ ಮರ್ಯಾದೆ ಉಳಿಸಿಕೊಳ್ಳಬಹುದು. ‘ನನಗೆ ಹೆದರಿಕೆ’ ಎಂದು ಅವನು ಎಂದೂ ಹೇಳಲಾರ.

ಆ ಗೆಳೆಯರಿಗೆ ಮನೆ ಮೆಟ್ಟಿಲು ಹತ್ತಬೇಡಿ ಎನ್ನಬೇಡಿ. ಭಾನುವಾರ ರೊಟ್ಟಿ, ಪುಂಡಿಪಲ್ಯಕ್ಕೆ ಕರೆಯಿರಿ, ಅವರ ತಾಯಂದಿರ ನಂಬರ್ ಇಸಿದುಕೊಳ್ಳಿ. ಮೂರು ಮನೆಯವರೂ ಒಂದೇ ದಿನ ಕೀಲಿ ಎತ್ತಿಟ್ಟರೆ ಯಾರ ಮಗನೂ ಒಬ್ಬನೇ ಅಂಜುಬುರುಕ ಅನ್ನಿಸಿಕೊಳ್ಳುವುದಿಲ್ಲ.

ಒಬ್ಬನೇ ಇದ್ದಾಗಲೂ ಹಾಗೇ ಓಡಿಸುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ, ‘ಸತ್ತರೆ ಸಾಯ್ತೀನಿ’ ಎಂಬ ಮಾತು ಬಾಯಿಗೆ ಬಂದರೆ ಅದು ಬೇರೆಯೇ ಸಂಗತಿ. ಆಗ ಕಾಯಬೇಡಿ, ಅಂದೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.