ಹನ್ನೆರಡು ವೋಲ್ಟಿನ ಬೆಳಕು: ಎಲ್ಲಿಯವರೆಗೆ ನಮ್ಮ ಕೈಕೆಲಸ?

ಪ್ರಶ್ನೆ: ನಮ್ಮ ಅಡುಗೆಮನೆಯಲ್ಲಿ ಮೇಲಿನ ಕಪಾಟಿನ ನೆರಳು ಕಟ್ಟೆಯ ಮೇಲೆ ಬಿದ್ದು, ತರಕಾರಿ ಹೆಚ್ಚುವ ಜಾಗವೇ ಕತ್ತಲಾಗಿರುತ್ತದೆ. ಕಪಾಟಿನ ಅಡಿಗೆ, ಎಂಟು ಅಡಿ ಉದ್ದಕ್ಕೆ ಎಲ್‌ಇಡಿ ಸ್ಟ್ರಿಪ್ ಅಂಟಿಸೋಣ ಅಂದುಕೊಂಡಿದ್ದೇನೆ. ಅಂಗಡಿಯವರು, "ಇದು ಬರೀ 12 ವೋಲ್ಟು ಮೇಡಂ, ಮುಟ್ಟಿದ್ರೂ ಶಾಕ್ ಹೊಡೆಯಲ್ಲ, ನೀವೇ ಹಾಕ್ಕೊಳ್ಳಿ" ಎಂದರು. ನನಗೆ ವೈರಿಂಗ್ ಕೆಲಸ ಗೊತ್ತಿಲ್ಲ. ಶಾಕ್ ಹೊಡೆಯದ ಮೇಲೆ ಹೆದರುವುದಕ್ಕೇನಿದೆ?
— ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ನೀವೇ ಹಾಕಿಕೊಳ್ಳಬಹುದು. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಉಳಿದರ್ಧ ತಿಳಿಯದೆ ಕೈ ಹಾಕಿದವರ ಮನೆಯಲ್ಲೇ ಪ್ಲೈವುಡ್ ಕಪ್ಪಾಗುವುದು, ವೈರು ಕರಗುವುದು.

ಶಾಕ್ ಎಂದರೆ ನಮ್ಮ ಮೈಯೊಳಗೆ ಹರಿಯುವ ಕರೆಂಟು. ಒಣ ಚರ್ಮ ಅದಕ್ಕೆ ಸಾವಿರಾರು ಓಮ್‌ಗಳ ತಡೆ ಒಡ್ಡುತ್ತದೆ. 12 ವೋಲ್ಟಿಗೆ ಆ ತಡೆಯನ್ನು ದಾಟಿ ಹೆಚ್ಚೇನೂ ನುಗ್ಗಲಾಗದು. ಗೋಡೆಯ ಸಾಕೆಟ್ಟಿನ 230 ವೋಲ್ಟು ಅದರ ಹತ್ತೊಂಬತ್ತು ಪಟ್ಟು. ಹಾಗಾಗಿ ಒಂದು ನಮಗೆ ತಿಳಿಯುವುದೂ ಇಲ್ಲ, ಇನ್ನೊಂದು ಪ್ರಾಣ ತೆಗೆಯಬಲ್ಲದು.

ತಂತಿಯ ವಿಷಯ ಹಾಗಲ್ಲ. ಪೆಟ್ರೋಲ್ ಸ್ಕೂಟರಿನ ಬ್ಯಾಟರಿಯೂ 12 ವೋಲ್ಟಿನದೇ. ಒಣಗಿದ ಕೈಯಲ್ಲಿ ಅದರ ಎರಡು ತುದಿ ಮುಟ್ಟಿದರೆ ಏನೂ ಆಗುವುದಿಲ್ಲ. ಅದೇ ತುದಿಗಳಿಗೆ ಅಡ್ಡಲಾಗಿ ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ, ಸ್ಪ್ಯಾನರ್ ಸುಡುತ್ತದೆ. ಮೈಗೆ ಅಪಾಯ ತರುವುದು ವೋಲ್ಟು, ತಂತಿಗೆ ಅಪಾಯ ತರುವುದು ಆಂಪಿಯರ್. ಅಷ್ಟೇ ವಾಟ್ ಬೆಳಕಿಗೆ ವೋಲ್ಟು ಇಳಿದಷ್ಟೂ ಆಂಪಿಯರ್ ಏರುತ್ತದೆ. ಮೀಟರಿಗೆ 14.4 ವಾಟಿನ ಸ್ಟ್ರಿಪ್ಪಿನ 5 ಮೀಟರ್ ಸುರುಳಿಗೆ 72 ವಾಟ್ ಬೇಕು. 230 ವೋಲ್ಟಿನಲ್ಲಾದರೆ ಇದು ಸುಮಾರು 0.3 ಆಂಪಿಯರ್, ಒಂದು ಸೀಲಿಂಗ್ ಫ್ಯಾನಿನಷ್ಟು. 12 ವೋಲ್ಟಿಗೆ ಇಳಿಸಿದ ಮೇಲೆ ಅದೇ 72 ವಾಟಿಗೆ 6 ಆಂಪಿಯರ್ ಹರಿಯುತ್ತದೆ. ಗೋಡೆಯ ಚಿಕ್ಕ ಸಾಕೆಟ್ಟಿನ ಮೇಲೆ ಬರೆದಿರುವ ಮಿತಿಯೂ 6 ಆಂಪಿಯರೇ. ಕೂದಲೆಳೆಯಂಥ ವೈರಿನಲ್ಲೋ ಸಡಿಲವಾದ ಜಾಯಿಂಟಿನಲ್ಲೋ ಅಷ್ಟು ಕರೆಂಟು ಹರಿದರೆ ಆ ಜಾಗ ಕಾಯುತ್ತದೆ. ಮೀಟರ್ ಬೋರ್ಡಿನ ಎಂಸಿಬಿ ಅದನ್ನು ತಡೆಯುವುದೂ ಇಲ್ಲ; ಅದರ ಲೆಕ್ಕದಲ್ಲಿ ನಿಮ್ಮ ಮನೆಯಲ್ಲಿ ಒಂದು ಫ್ಯಾನು ತಿರುಗುತ್ತಿದೆ, ಅಷ್ಟೇ.

ಈಗ ಕೆಲಸಕ್ಕೆ ಬರೋಣ. ಮೊದಲು ಕೈಯಲ್ಲಿರುವ ಸ್ಟ್ರಿಪ್ ನಿಜಕ್ಕೂ 12 ವೋಲ್ಟಿನದೇ ಎಂದು ನೋಡಿಕೊಳ್ಳಿ. ಫಾಲ್ಸ್ ಸೀಲಿಂಗಿಗೆಂದು ಮಾರುವ ಅಗ್ಗದ ಸ್ಟ್ರಿಪ್ಪುಗಳು, ರೋಪ್ ಲೈಟುಗಳು ಬಹುಪಾಲು ನೇರ 230 ವೋಲ್ಟಿನವು. ನೋಡಲು ಅದೇ ತರಹದ ಪಟ್ಟಿ, ಮೇಲೆ ಪ್ಲಾಸ್ಟಿಕ್ ಕವಚ. ಅದರ ವೈರಿನಲ್ಲಿ ಕಾಣುವ ಚಿಕ್ಕ ಡಬ್ಬಿ ವೋಲ್ಟೇಜನ್ನು ಇಳಿಸುವುದಿಲ್ಲ, ಎಸಿಯನ್ನು ಡಿಸಿ ಮಾಡುತ್ತದೆ, ಅಷ್ಟೇ. ಅದನ್ನು ಕತ್ತರಿಸಿ ತುದಿ ಮುಟ್ಟಿದರೆ ಪೂರ್ತಿ ಮೇನ್ಸ್ ಕರೆಂಟೇ ಹೊಡೆಯುತ್ತದೆ. ಒದ್ದೆ ಕೈಯಲ್ಲಿ ಕೆಲಸ ಮಾಡುವ ಅಡುಗೆ ಕಟ್ಟೆಗೆ ಅದು ಬೇಡವೇ ಬೇಡ. ಸ್ಟ್ರಿಪ್ಪಿನ ಮೈಮೇಲೆ 12ವಿ ಅಥವಾ 24ವಿ ಎಂದು ಅಚ್ಚಾಗಿರಬೇಕು. ಅಚ್ಚಿಲ್ಲದಿದ್ದರೆ ಕೊಳ್ಳಬೇಡಿ.

ಎರಡನೆಯದು ಡ್ರೈವರ್. ಕೆಲವರು ಇದನ್ನು ಅಡಾಪ್ಟರ್ ಎನ್ನುತ್ತಾರೆ, ಎಸ್‌ಎಂಪಿಎಸ್ ಎಂದೂ ಕರೆಯುತ್ತಾರೆ. ನಿಮ್ಮ ಕೆಲಸದ ಹೊಸ್ತಿಲು ಇದೇ. ಇದರ ಆಚೆ 230 ವೋಲ್ಟು, ಈಚೆ 12. ಹೊಸ್ತಿಲಿನ ಈಚೆ ನೀವು ಧೈರ್ಯವಾಗಿ ಕೆಲಸ ಮಾಡಿ, ಆಚೆ ಕಾಲಿಡಬೇಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮಗಳೂ ಹೆಚ್ಚುಕಡಿಮೆ ಅಲ್ಲೇ ಗೆರೆ ಎಳೆದಿವೆ: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಿಸುವುದನ್ನು ಬಿಟ್ಟರೆ, ಮನೆಯ ವೈರಿಂಗಿಗೆ ಹೊಸದು ಸೇರಿಸುವ ಕೆಲಸ ಪರವಾನಗಿ ಪಡೆದ ಗುತ್ತಿಗೆದಾರರದು. ಆದ್ದರಿಂದ ಮುಚ್ಚಿದ ಪ್ಲಾಸ್ಟಿಕ್ ಮೈಯ, ಪ್ಲಗ್ಗಿನೊಂದಿಗೇ ಬರುವ ಡ್ರೈವರನ್ನೇ ಕೊಳ್ಳಿ. ಲೋಹದ ಜಾಲರಿ ಪೆಟ್ಟಿಗೆಯ ಎಸ್‌ಎಂಪಿಎಸ್‌ನಲ್ಲಿ ಮೇನ್ಸ್ ತಂತಿ ಕಟ್ಟುವ ತಿರುಪುಗಳು ಹೊರಗೇ ಇರುತ್ತವೆ. ಅದಕ್ಕೆ ಅರ್ತಿಂಗ್ ಕೊಡಬೇಕು, ಕೈ ತಾಗದ ಜಾಗ ಬೇಕು. ಅದು ಎಲೆಕ್ಟ್ರಿಷಿಯನ್ ಕೆಲಸ. ಹೊಸ ಸಾಕೆಟ್ ಬೇಕಾದರೂ ಅವರನ್ನೇ ಕರೆಸಿ. ಡ್ರೈವರಿನ ಮೇಲೆ ಬಿಐಎಸ್ ಗುರುತೂ ಇರಲಿ.

ಎಷ್ಟು ವಾಟಿನ ಡ್ರೈವರ್? ನಿಮ್ಮ ಎಂಟು ಅಡಿಯನ್ನು ಎರಡೂವರೆ ಮೀಟರ್ ಎಂದುಕೊಳ್ಳಿ. 14.4ರ ಸ್ಟ್ರಿಪ್ಪಿಗೆ 36 ವಾಟ್, ಅಂದರೆ 3 ಆಂಪಿಯರ್. ಡ್ರೈವರ್ ಸದಾ ಏದುಸಿರು ಬಿಡುವಂತಾಗಬಾರದು, ಐದನೇ ಒಂದು ಭಾಗವಾದರೂ ಹೆಚ್ಚಿಗೆ ಇರಬೇಕು. 48 ವಾಟಿನದು ಸರಿಹೋಗುತ್ತದೆ, 60ರದಾದರೂ ಸರಿಯೇ. "ಇರಲಿ, ದೊಡ್ಡದೇ ಒಳ್ಳೆಯದು" ಎಂದು 400 ವಾಟಿನದನ್ನು ತರಬೇಡಿ. ಎಲ್ಲೋ ಎರಡು ತಂತಿ ತಾಗಿದ ಗಳಿಗೆಯಲ್ಲಿ ಅದು 30ಕ್ಕೂ ಹೆಚ್ಚು ಆಂಪಿಯರನ್ನು ಆ ಸಣ್ಣ ವೈರಿಗೆ ನೂಕಬಲ್ಲದು. ಹದವಾದ ಡ್ರೈವರ್ ತನ್ನ ಮಿತಿ ದಾಟಿದೊಡನೆ ತಾನೇ ನಿಲ್ಲುತ್ತದೆ. ಓವರ್‌ಲೋಡ್ ಮತ್ತು ಶಾರ್ಟ್ ಸರ್ಕಿಟ್ ರಕ್ಷಣೆ ಇದೆ ಎಂದು ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ.

ಡ್ರೈವರಿನಿಂದ ಸ್ಟ್ರಿಪ್ಪಿಗೆ 1 ಚದರ ಮಿಲಿಮೀಟರಿನ ತಾಮ್ರದ ವೈರು ಸಾಕು. ದೂರ ಐದು ಮೀಟರ್ ಇದ್ದರೆ, ಹೋಗಿ ಬರುವ ಹತ್ತು ಮೀಟರ್ ತಂತಿಯಲ್ಲಿ ಸುಮಾರು ಅರ್ಧ ವೋಲ್ಟು ಸೋರುತ್ತದೆ. ಕಾಲಿಂಗ್ ಬೆಲ್ಲಿನ ತೆಳು ವೈರು ಬಳಸಿದರೆ ಸೋರಿಕೆಯೂ ಹೆಚ್ಚು, ಬಿಸಿಯೂ ಹೆಚ್ಚು, ಬೆಳಕೂ ಮಂಕು. ಮುಂದೆ ಹಾಲಿಗೂ ಉದ್ದಕ್ಕೆ ಹಾಕುವ ಯೋಚನೆಯಿದ್ದರೆ 24 ವೋಲ್ಟಿನದನ್ನೇ ಆರಿಸಿ: ಆಂಪಿಯರ್ ಅರ್ಧಕ್ಕಿಳಿಯುತ್ತದೆ, ಶೇಕಡಾ ಲೆಕ್ಕದಲ್ಲಿ ಸೋರಿಕೆ ಕಾಲುಭಾಗಕ್ಕಿಳಿಯುತ್ತದೆ. ಆದರೆ ಸ್ಟ್ರಿಪ್ಪಿನ ವೋಲ್ಟು, ಡ್ರೈವರಿನ ವೋಲ್ಟು ಎರಡೂ ಒಂದೇ ಇರಬೇಕು.

ಸ್ಟ್ರಿಪ್ಪನ್ನು ಕತ್ತರಿ ಗುರುತಿರುವ, ತಾಮ್ರದ ಚುಕ್ಕೆಗಳ ನಡುವಿನ ಗೆರೆಯಲ್ಲೇ ಕತ್ತರಿಸಬೇಕು. ಒಂದು ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟು ಬೇಕು. 12 ವೋಲ್ಟಿನಲ್ಲಿ ಮೂರನ್ನು ಸಾಲಾಗಿ ಕೂರಿಸಿ, ಉಳಿದದ್ದನ್ನು ಒಂದು ರೆಸಿಸ್ಟರಿಗೆ ಬಿಟ್ಟಿರುತ್ತಾರೆ. ಆ ಮೂವರ ಗುಂಪಿನ ನಡುವೆ ಕತ್ತರಿಸಿದರೆ ಆ ಗುಂಪು ಹೊತ್ತುವುದಿಲ್ಲ.

ಜಾಯಿಂಟಿನಲ್ಲಿ ಮಾತ್ರ ಆತುರ ಬೇಡ. ನಮ್ಮ ಮನೆಯ ಪುಸ್ತಕದ ಕಪಾಟಿಗೆ ನಾನು ಒತ್ತಿ ಕೂರಿಸುವ ಕ್ಲಿಪ್ ಹಾಕಿದ್ದೆ. ಬೆಳಕು ಆಗಾಗ ಮಿನುಗುತ್ತಿತ್ತು, ಗಮನ ಕೊಡಲಿಲ್ಲ. ಮೂರು ತಿಂಗಳ ಮೇಲೆ ತೆಗೆದು ನೋಡಿದರೆ ಕ್ಲಿಪ್ಪಿನ ಪ್ಲಾಸ್ಟಿಕ್ ಕಂದಾಗಿ ಬಾಗಿತ್ತು, ಹಿಂದಿನ ಹಲಗೆಯ ಮೇಲೆ ಸುಟ್ಟ ಕಲೆ. ಅಂದಿನಿಂದ ನನಗೆ ಮಿನುಗು ಎಂದರೆ ಎಚ್ಚರಿಕೆ. ಸಾಧ್ಯವಿದ್ದರೆ ತುದಿಗೆ ವೈರು ಸೋಲ್ಡರ್ ಮಾಡಿಯೇ ಬಂದಿರುವ ಸ್ಟ್ರಿಪ್ ಕೊಳ್ಳಿ. ಇಲ್ಲವೇ ರೇಡಿಯೋ, ಮಿಕ್ಸಿ ರಿಪೇರಿಯವರ ಹತ್ತಿರ ಎರಡು ತುದಿ ಸೋಲ್ಡರ್ ಹಾಕಿಸಿಕೊಳ್ಳಿ. ಐದು ನಿಮಿಷದ ಕೆಲಸ. ಕೆಂಪು ತಂತಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ.

ಜಾಗದ ಮಾತು. ಅಡುಗೆಮನೆಯಲ್ಲಿ ಉಗಿ, ಒಗ್ಗರಣೆಯ ಜಿಡ್ಡು ಇರುವುದರಿಂದ ಸಿಲಿಕಾನ್ ಹೊದಿಕೆಯ ಐಪಿ 65 ಸ್ಟ್ರಿಪ್ ಒಳ್ಳೆಯದು. ಒಲೆಯ ನೇರ ಮೇಲೆ ಬೇಡ. ಎಂಟು ಅಡಿಯಲ್ಲಿ ಒಲೆಯ ಭಾಗವನ್ನು ಬಿಟ್ಟೇ ಅಳೆಯಿರಿ. ಕಪಾಟಿನ ಅಡಿಯ ಜಿಡ್ಡನ್ನು ಸೋಪಿನ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಲ್ಯೂಮಿನಿಯಂ ಪ್ರೊಫೈಲ್ ಕೂರಿಸಿ, ಅದರೊಳಗೆ ಸ್ಟ್ರಿಪ್ ಅಂಟಿಸಿ. ಪ್ರೊಫೈಲ್ ಅಂದಕ್ಕೆ ಮಾತ್ರವಲ್ಲ, ಎಲ್‌ಇಡಿಯ ಬಿಸಿಯನ್ನು ಹೀರಿ ಅದರ ಆಯುಷ್ಯ ಹೆಚ್ಚಿಸುತ್ತದೆ. ಡ್ರೈವರಿಗೆ ಗಾಳಿ ಬೇಕು: ಬಟ್ಟೆ, ಹಳೆ ಪೇಪರ್ ತುಂಬಿದ ಕಪಾಟಿನೊಳಗೆ ತುರುಕಬೇಡಿ, ಸಿಂಕಿನ ಅಡಿಯಲ್ಲಿ ಇಡಬೇಡಿ, ಗ್ಯಾಸ್ ಸಿಲಿಂಡರಿನ ಗೂಡಿನಲ್ಲಂತೂ ಬೇಡ. ದೇವರ ಮನೆಗೆ ಹಾಕುವವರು ದೀಪ, ಕರ್ಪೂರದ ಜ್ವಾಲೆಯಿಂದ, ಒಣಗಿದ ಹಾರಗಳಿಂದ ಸ್ಟ್ರಿಪ್ಪನ್ನು ದೂರವಿಡಿ.

ಪ್ಲಗ್ಗನ್ನು ಸಾಕೆಟ್ಟಿಗೆ ಸಿಕ್ಕಿಸುವುದು ಎಲ್ಲಕ್ಕಿಂತ ಕೊನೆಗೆ. ಪರೀಕ್ಷೆಗೆಂದು ಸುರುಳಿಯಲ್ಲಿರುವಾಗಲೇ ಬಹಳ ಹೊತ್ತು ಉರಿಸಬೇಡಿ, ಒಂದರ ಬಿಸಿ ಇನ್ನೊಂದಕ್ಕೆ ಸೇರಿ ಹಾಳಾಗುತ್ತದೆ. ಎಲ್ಲ ಕೂರಿಸಿದ ಮೇಲೆ ಒಂದು ಗಂಟೆ ಉರಿಸಿ. ಬಳಿಕ ಕೈ ಒರೆಸಿಕೊಂಡು ಪ್ಲಗ್ ಕಿತ್ತು, ಕೂಡಲೇ ಡ್ರೈವರ್, ವೈರು, ಒಂದೊಂದು ಜಾಯಿಂಟು ಮುಟ್ಟಿ ನೋಡಿ. ಡ್ರೈವರ್ ಬೆಚ್ಚಗಿರುವುದು ಸಹಜ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಇಲ್ಲವೇ ಒಂದು ಜಾಯಿಂಟು ಮಾತ್ರ ಅಕ್ಕಪಕ್ಕದ ವೈರಿಗಿಂತ ಬಿಸಿಯಾಗಿದ್ದರೆ, ಅದನ್ನು ಸರಿಪಡಿಸದೆ ಮತ್ತೆ ಉರಿಸಬೇಡಿ. ಅಂಗಡಿಯವರು "ಮುಟ್ಟಿದ್ರೂ ಏನೂ ಆಗಲ್ಲ" ಎಂದರಲ್ಲ, ಹಾಗಾದರೆ ಮುಟ್ಟಿ ನೋಡಲೇಬೇಕು. ಆ ಬೆರಳಿಗೆ ಬಿಸಿ ತಾಗದ ದಿನ ನಿಶ್ಚಿಂತೆಯಿಂದ ಮಣೆ ಎಳೆದುಕೊಂಡು ತರಕಾರಿ ಹೆಚ್ಚಿ.