ಓದುಗನಾಗಿ ಟಾಲ್‌ಸ್ಟಾಯ್

ಅಡುಗೆಯನ್ನು ಬಲ್ಲವರು ನೆರೆಮನೆಯ ಊಟಕ್ಕೆ ಕುಳಿತಾಗ ಉಂಡು ಸುಮ್ಮನೆ ಏಳಲಾರರು. ಉಪ್ಪು ಎಲ್ಲಿ ಮುಂದಾಯಿತು, ಒಗ್ಗರಣೆ ಎಲ್ಲಿ ಸೀದಿತು ಎಂಬುದು ಅವರ ನಾಲಗೆಗೆ ಕೂಡಲೇ ತಿಳಿದುಬಿಡುತ್ತದೆ. ಕಥೆ ಕಾದಂಬರಿಗಳನ್ನು ಬರೆಯಬಲ್ಲವರು ಬೇರೊಬ್ಬರ ಬರಹವನ್ನು ಓದುವ ಬಗೆಯೂ ಇಂಥದೇ. ‘ಯುದ್ಧ ಮತ್ತು ಶಾಂತಿ’, ‘ಅನ್ನಾ ಕರೆನಿನಾ’ ಎಂಬ ಮಹಾಕಾದಂಬರಿಗಳನ್ನು ರಚಿಸಿದ ರಷ್ಯದ ಲಿಯೋ ಟಾಲ್‌ಸ್ಟಾಯ್ (1828-1910) ಅಂಥ ಓದುಗನಾಗಿದ್ದನು. ಬಾಳಿನ ಕೊನೆಯ ಮೂವತ್ತು ವರ್ಷಗಳಲ್ಲಿ, ತನಗಿಂತ ಕಿರಿಯರು ಹೊಸದಾಗಿ ಬರೆದ ಕಥೆಗಳನ್ನು ಓದಿ ಆತನು ಹೇಳಿದ ಮಾತುಗಳು ಅನೇಕ. ಕೆಲವು ಹೃತ್ಪೂರ್ವಕವಾದ ಮೆಚ್ಚುಗೆಗಳು, ಕೆಲವು ಕಟುವಾದ ಟೀಕೆಗಳು. ಒಂದೆರಡಂತೂ ಅನ್ಯಾಯವೆಂದೇ ಹೇಳಬೇಕಾದವು. ಆದರೆ ಓದಿದುದನ್ನು ಕುರಿತು ಆತನು ಎಂದೂ ಉದಾಸೀನನಾಗಿ ಮಾತನಾಡಿದವನಲ್ಲ.

ಮಾಸ್ಕೋ ನಗರದಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರು ದೂರದಲ್ಲಿರುವ ಯಾಸ್ನಾಯಾ ಪೊಲ್ಯಾನಾ ಆತನ ಹುಟ್ಟೂರು. ಅಲ್ಲಿಯ ಮನೆಯ ಗ್ರಂಥಭಂಡಾರದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಪುಸ್ತಕಗಳಿವೆ. ರಷ್ಯನ್ ಭಾಷೆಯವನ್ನಲ್ಲದೆ ಫ್ರೆಂಚ್, ಇಂಗ್ಲಿಷ್, ಜರ್ಮನ್ ಪುಸ್ತಕಗಳನ್ನೂ ಆತನು ಮೂಲದಲ್ಲಿಯೇ ಓದುತ್ತಿದ್ದನು. ರಾತ್ರಿ ಮನೆಮಂದಿಯೂ ಅತಿಥಿಗಳೂ ದೀಪದ ಸುತ್ತ ಕುಳಿತಾಗ ಕಥೆಯೊಂದನ್ನು ಗಟ್ಟಿಯಾಗಿ ಓದುವುದು ಆ ಮನೆಯಲ್ಲಿ ರೂಢಿಯಾಗಿತ್ತು.

1881ರಲ್ಲಿ ಕಾದಂಬರಿಕಾರ ತುರ್ಗೆನೆವ್ ಆ ಮನೆಗೆ ಅತಿಥಿಯಾಗಿ ಬಂದನು. ಇಬ್ಬರ ನಡುವೆ ಹಿಂದೆ ಜಗಳ ಹತ್ತಿ, ಮಾತು ದ್ವಂದ್ವಯುದ್ಧದವರೆಗೂ ಬೆಳೆದು, ಹದಿನೇಳು ವರ್ಷಗಳ ವಿರಸದ ತರುವಾಯ 1878ರಲ್ಲಿ ಸಂಧಾನವಾಗಿತ್ತು. ತುರ್ಗೆನೆವ್ ತನ್ನ ಪೆಟ್ಟಿಗೆಯಿಂದ ಫ್ರೆಂಚ್ ಪುಸ್ತಕವೊಂದನ್ನು ಹೊರತೆಗೆದು, ಬಿಡುವಾದಾಗ ಓದಿ ನೋಡೆಂದು ಕೊಟ್ಟನು. ಅದು ಮೊಪಾಸಾ ಎಂಬ ತರುಣನ ಕಥಾಸಂಗ್ರಹ. ಆ ವೇಳೆಗೆ ಟಾಲ್‌ಸ್ಟಾಯ್‌ನ ಮನಸ್ಸು ಕಥೆಗಳಿಂದ ದೂರ ಸರಿದಿತ್ತು. ಬದುಕಿನ ಅರ್ಥವೇನು, ರೈತನ ದುಡಿಮೆಯನ್ನು ಕುಳಿತು ಉಣ್ಣುವ ಹಕ್ಕು ತನಗೆಲ್ಲಿಂದ ಬಂತು ಎಂಬ ಪ್ರಶ್ನೆಗಳು ಆತನನ್ನು ಹಗಲಿರುಳೂ ಕಾಡುತ್ತಿದ್ದವು. ಪುಸ್ತಕವನ್ನು ಓದಿದನು, ಹಿಡಿಸಲಿಲ್ಲ. ಈ ತರುಣನಿಗೆ ಇತರರು ಕಾಣದುದನ್ನು ಕಾಣುವ ಕಣ್ಣಿದೆ, ಕಂಡುದನ್ನು ಸೊಗಸಾಗಿ ಹೇಳುವ ಶಕ್ತಿಯೂ ಇದೆ. ಆದರೆ ಒಳಿತು ಕೆಡುಕುಗಳ ಪರಿವೆಯೇ ಇಲ್ಲವೆಂದು ಆತನಿಗೆ ತೋರಿತು. ಅದರಲ್ಲಿಯೂ ಹೊಲಗದ್ದೆಗಳಲ್ಲಿ ದುಡಿಯುವ ಜನರನ್ನು ಕಾಮ, ದ್ವೇಷ, ಲೋಭಗಳ ಹೊರತು ಬೇರೇನೂ ಅರಿಯದ ಅರೆಪ್ರಾಣಿಗಳಂತೆ ಚಿತ್ರಿಸಿದ್ದುದು ಆತನನ್ನು ಕೆರಳಿಸಿತು. ನಾಡಿಗೆ ಅನ್ನವಿಕ್ಕುವ ಜನ ಅಷ್ಟೇ ಆಗಿರಲು ಸಾಧ್ಯವೇ ಎಂಬುದು ಆತನ ಆಕ್ಷೇಪ.

ಕೆಲವು ಕಾಲದ ಮೇಲೆ ಅದೇ ಲೇಖಕನ ‘ಒಂದು ಬಾಳು’ (1883) ಎಂಬ ಕಾದಂಬರಿ ಕೈಗೆ ಬಂದಿತು. ನಿಷ್ಕಪಟಳಾದ ಹೆಣ್ಣೊಬ್ಬಳ ಬಾಳು ಮೊದಲು ಗಂಡನಿಂದ, ಆಮೇಲೆ ಮಗನಿಂದ ಹಾಳಾಗಿ ಹೋಗುವ ಕಥೆ ಅದು. ಅದನ್ನು ಓದಿದ ಟಾಲ್‌ಸ್ಟಾಯ್ ತನ್ನ ಮೊದಲಿನ ತೀರ್ಪನ್ನು ಸಂಕೋಚವಿಲ್ಲದೆ ಬದಿಗಿಟ್ಟನು. ಇಷ್ಟು ಒಳ್ಳೆಯ ಜೀವ ಏಕೆ, ಯಾವ ತಪ್ಪಿಗೆ ನಾಶವಾಗಬೇಕು ಎಂಬ ಪ್ರಶ್ನೆ ಆ ಪುಟಗಳ ಹಿಂದೆ ಮಿಡಿಯುತ್ತಿರುವುದು ಆತನಿಗೆ ಕೇಳಿಸಿತು. ಹ್ಯೂಗೋನ ‘ಲೆ ಮಿಸೆರಾಬ್ಲ್’ ಆದ ಮೇಲೆ ಫ್ರೆಂಚಿನಲ್ಲಿ ಬಹುಶಃ ಇದೇ ಶ್ರೇಷ್ಠವಾದ ಕಾದಂಬರಿ ಎಂದು 1894ರಲ್ಲಿ ಮೊಪಾಸಾನ ಕೃತಿಗಳ ರಷ್ಯನ್ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಹೊಗಳಿದನು. ಆ ಹೊಗಳಿಕೆಯನ್ನು ಕೇಳಲು ಮೊಪಾಸಾ ಬದುಕಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದನು.

ಟಾಲ್‌ಸ್ಟಾಯ್ ಹಿಡಿದಿದ್ದ ಅಳತೆಗೋಲು ಆ ಮುನ್ನುಡಿಯಲ್ಲಿ ಸ್ಪಷ್ಟವಾಗಿದೆ. ಬರೆಯುವ ವಿಷಯದೊಡನೆ ಲೇಖಕನಿಗೆ ನೀತಿಯ ಸಂಬಂಧವೊಂದು ಇರಬೇಕು, ಹೇಳುವ ರೀತಿ ತಿಳಿಯಾಗಿ ಸುಂದರವಾಗಿರಬೇಕು, ಪ್ರೀತಿಯಾಗಲಿ ದ್ವೇಷವಾಗಲಿ ಪ್ರಾಮಾಣಿಕವಾಗಿರಬೇಕು. ಇವುಗಳಲ್ಲಿ ಮೊದಲನೆಯದನ್ನು ವಿಶದಪಡಿಸಲು ಆತನು ಚಿತ್ರಕಾರನೊಬ್ಬನ ಪ್ರಸಂಗವನ್ನು ಹೇಳುತ್ತಾನೆ. ಆ ಪ್ರಸಿದ್ಧ ಕಲಾವಿದನು ದೇವರ ಮೆರವಣಿಗೆಯ ಚಿತ್ರವೊಂದನ್ನು ಬಲು ಚೆನ್ನಾಗಿ ಬರೆದಿದ್ದನು. ಇಂಥ ಮೆರವಣಿಗೆಗಳು ನಡೆಯಬೇಕೆಂದು ನೀವು ಭಾವಿಸುವಿರಾ ಎಂದು ಟಾಲ್‌ಸ್ಟಾಯ್ ಕೇಳಿದರೆ, ಅದು ತನಗೆ ತಿಳಿಯದು, ತಿಳಿಯಬೇಕಾದುದೂ ಇಲ್ಲ, ಬದುಕನ್ನು ಚಿತ್ರಿಸುವುದಷ್ಟೇ ತನ್ನ ಕೆಲಸ ಎಂದನಂತೆ. ಮೆರವಣಿಗೆ ನಿಮಗೆ ಪ್ರಿಯವೇ ಎಂದರೆ ಅದೂ ಇಲ್ಲ, ಅಪ್ರಿಯವೇ ಎಂದರೆ ಅದೂ ಇಲ್ಲ. ತನಗೇ ಪ್ರಿಯವೂ ಅಪ್ರಿಯವೂ ಅಲ್ಲದ ವಸ್ತುವನ್ನು ಇನ್ನೊಬ್ಬರ ಮುಂದೆ ಏಕೆ ಇಡಬೇಕೆಂಬುದು ಟಾಲ್‌ಸ್ಟಾಯ್‌ಗೆ ಎಂದಿಗೂ ಅರ್ಥವಾಗಲಿಲ್ಲ.

ಈ ಅಳತೆಗೋಲಿಗೆ ನಿಜವಾದ ಪರೀಕ್ಷೆ ಎದುರಾದುದು ಚೆಕಾಫನ ಕಥೆಯೊಂದರಲ್ಲಿ. 1899ರಲ್ಲಿ ಪ್ರಕಟವಾದ ಆ ಕಥೆಯ ಹೆಸರು ‘ದುಶೆಚ್ಕಾ’. ಪುಟ್ಟ ಜೀವ, ಮುದ್ದಿನವಳು ಎಂದು ಅದರ ಅರ್ಥ. ಕಥಾನಾಯಿಕೆ ಓಲೆಂಕಾ ಯಾರನ್ನಾದರೂ ಪ್ರೀತಿಸದೆ ಬದುಕಲಾರಳು. ಅವಳ ಮೊದಲ ಗಂಡನು ಬಯಲು ನಾಟಕಶಾಲೆಯೊಂದರ ಯಜಮಾನ. ಮಳೆ ಬಂದು ಪ್ರೇಕ್ಷಕರು ಬಾರದಿದ್ದರೆ ವಿಧಿಯನ್ನೂ ಜನರ ಅರಸಿಕತೆಯನ್ನೂ ಹಳಿಯುವವನು. ಅವಳೂ ಲೋಕದಲ್ಲಿ ನಾಟಕಕ್ಕಿಂತ ದೊಡ್ಡದಿಲ್ಲವೆಂದು ಕಂಡಕಂಡವರಿಗೆ ಹೇಳತೊಡಗುತ್ತಾಳೆ. ಅವನು ಸತ್ತು, ಮರದ ಅಡ್ಡೆಯ ಮೇಲ್ವಿಚಾರಕನೊಬ್ಬನನ್ನು ಮದುವೆಯಾದ ಮೇಲೆ ಅವಳಿಗೆ ನಾಟಕವೆಂದರೆ ಕೆಲಸವಿಲ್ಲದವರ ಹವ್ಯಾಸ. ಬಾಯಿಬಿಟ್ಟರೆ ತೊಲೆ ಹಲಗೆಗಳ ಬೆಲೆ, ಕನಸಿನಲ್ಲಿಯೂ ಹಲಗೆಗಳ ರಾಶಿ. ಅವನೂ ತೀರಿಕೊಳ್ಳುತ್ತಾನೆ. ಬಳಿಕ ಪಶುವೈದ್ಯನೊಬ್ಬನ ಸಹವಾಸದಲ್ಲಿ ದನಗಳ ಜಾಡ್ಯದ ಮಾತು. ಅವನೂ ತನ್ನ ದಂಡಿನೊಡನೆ ದೂರ ಹೊರಟುಹೋದಾಗ ಅವಳಲ್ಲಿ ಯಾವುದೊಂದು ಅಭಿಪ್ರಾಯವೂ ಉಳಿಯುವುದಿಲ್ಲ; ಮನೆ ಮನಸ್ಸು ಎರಡೂ ಬರಿದಾಗುತ್ತವೆ. ವರ್ಷಗಳು ಕಳೆದು ವೈದ್ಯನು ಹೆಂಡತಿ ಮಗನೊಡನೆ ಹಿಂದಿರುಗುತ್ತಾನೆ. ಶಾಲೆಗೆ ಹೋಗುವ ಆ ಪುಟ್ಟ ಬಾಲಕನಲ್ಲಿ ಅವಳ ಪ್ರೀತಿಯೆಲ್ಲ ನೆಲೆಸುತ್ತದೆ. ಅವನು ದ್ವೀಪದ ವ್ಯಾಖ್ಯೆಯನ್ನು ಉರುಹೊಡೆದರೆ ಅವಳೂ ಅದನ್ನೇ ಒಪ್ಪಿಸುತ್ತಾಳೆ. ಈಗಿನ ಪಾಠಗಳು ಬಹಳ ಕಠಿಣವೆಂದು ನೆರೆಯವರಲ್ಲಿ ದೂರುತ್ತಾಳೆ. ಆ ದೂರು ಎಲ್ಲ ಕಾಲದ ವಿದ್ಯಾರ್ಥಿಗಳಿಗೂ ಹಿತವಾಗಿಯೇ ಕೇಳಿಸೀತು.

ಟಾಲ್‌ಸ್ಟಾಯ್ ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ಮತ್ತೆ ಮತ್ತೆ ಗಟ್ಟಿಯಾಗಿ ಓದಿ ಹೇಳಿದನು. ಮುಂದೆ ‘ಓದಿನ ವಲಯ’ ಎಂಬ ತನ್ನ ಸಂಕಲನದಲ್ಲಿ ಅದನ್ನು ಸೇರಿಸಿ, 1905ರಲ್ಲಿ ಹಿನ್ನುಡಿಯೊಂದನ್ನು ಬರೆದನು. ಅದರಲ್ಲಿ ಆತನು ಹೇಳುವುದು ವಿಚಿತ್ರವಾಗಿದೆ. ಸ್ವಂತ ಬುದ್ಧಿಯಿಲ್ಲದ ಹೆಣ್ಣನ್ನು ಗೇಲಿ ಮಾಡುವುದೇ ಚೆಕಾಫನ ಉದ್ದೇಶವಾಗಿತ್ತು. ಆದರೆ ಬರೆಯುತ್ತ ಬರೆಯುತ್ತ ಅವನೊಳಗಿನ ಕವಿ ಆ ಉದ್ದೇಶವನ್ನು ಮೀರಿದನು. ಪರಿಹಾಸ್ಯಕ್ಕೆ ಗುರಿಯಾಗಬೇಕಿದ್ದವಳು ಪೂಜ್ಯಳಾದಳು. ಬೈಬಲಿನ ಅರಣ್ಯಕಾಂಡದಲ್ಲಿ ಬಾಲಾಕ ರಾಜನ ಕರೆಯ ಮೇರೆಗೆ ಇಸ್ರಾಯೇಲ್ಯರನ್ನು ಶಪಿಸಲು ಬಂದ ಬಿಳಾಮನು ಬಾಯಿ ತೆರೆದಾಗ ಹರಸಿಬಿಟ್ಟನಲ್ಲವೆ? ಚೆಕಾಫನೂ ಹಾಗೆಯೇ ಮಾಡಿದನೆಂದು ಟಾಲ್‌ಸ್ಟಾಯ್‌ನ ವಾದ. ಇದಕ್ಕೆ ಪೂರಕವಾಗಿ ತನ್ನದೇ ಅನುಭವವೊಂದನ್ನು ತಮಾಷೆಯಾಗಿ ಹೇಳಿಕೊಂಡಿದ್ದಾನೆ. ಆತನು ಮಾಸ್ಕೋದ ವಿಶಾಲವಾದ ಕುದುರೆ ಸವಾರಿಯ ಶಾಲೆಯೊಂದರೊಳಗೆ ಬೈಸಿಕಲ್ ಕಲಿಯುತ್ತಿದ್ದನು. ಆಗ ವಯಸ್ಸು ಅರುವತ್ತನ್ನು ದಾಟಿತ್ತು. ಅದೇ ಅಂಗಳದ ಇನ್ನೊಂದು ತುದಿಯಲ್ಲಿ ಮಹಿಳೆಯೊಬ್ಬಳೂ ಕಲಿಯುತ್ತಿದ್ದಳು. ಅವಳಿಗೆ ತಾಗಬಾರದು, ತಾಗಬಾರದು ಎಂದು ಅವಳನ್ನೇ ನೋಡುತ್ತ ನೋಡುತ್ತ ಸವಾರಿ ಮಾಡಿ, ಕೊನೆಗೆ ಅವಳ ಮೇಲೆಯೇ ಹೋಗಿ ಕೆಡವಿಬಿಟ್ಟನಂತೆ. ಚೆಕಾಫನಿಗೆ ಆದುದು ಇದರ ತಿರುಗುಮುರುಗು: ಅವನು ಕೆಡವಬೇಕೆಂದು ಹೊರಟನು, ಆದರೆ ಕವಿಯ ಲಕ್ಷ್ಯವೆಲ್ಲ ಅವಳ ಮೇಲೆಯೇ ನೆಟ್ಟುದರಿಂದ ಅವಳನ್ನು ಎತ್ತಿ ನಿಲ್ಲಿಸಿದನು.

ಬರೆದವನ ಇಂಗಿತಕ್ಕಿಂತ ಬರಹವೇ ಹಿರಿದಾಗಬಹುದೆಂಬ ಈ ಮಾತನ್ನು ಇಷ್ಟು ಸುಲಭವಾಗಿ, ಇಷ್ಟು ನಗುನಗುತ್ತ ಹೇಳಿದವರು ವಿರಳ. ಆದರೆ ಹಿನ್ನುಡಿಯಲ್ಲಿ ಇನ್ನೊಂದು ಎಳೆಯೂ ಇದೆ. ಪ್ರೀತಿಸಿದವರಿಗೆ ತನ್ನನ್ನು ಪೂರ್ತಿಯಾಗಿ ಅರ್ಪಿಸಿಕೊಳ್ಳುವುದೇ ಹೆಣ್ಣಿನ ಪರಮಧರ್ಮ, ವಿದ್ಯೆ ಉದ್ಯೋಗಗಳಲ್ಲಿ ಅವಳು ಗಂಡಸಿನೊಡನೆ ಸ್ಪರ್ಧಿಸಬೇಕಾಗಿಲ್ಲ ಎಂದು ಟಾಲ್‌ಸ್ಟಾಯ್ ಓಲೆಂಕಾಳನ್ನು ಸಾಕ್ಷಿಯಾಗಿ ಕರೆಯುತ್ತಾನೆ. ಇದು ಕಥೆಯಿಂದ ಹುಟ್ಟಿದ ಮಾತಲ್ಲ. ಆತನು ಮೊದಲೇ ನಂಬಿದ್ದ ಮಾತು. ಪ್ರೀತಿಸಲು ಯಾರೂ ಇಲ್ಲದ ವರ್ಷಗಳಲ್ಲಿ ಅವಳು ಅನುಭವಿಸಿದ ಶೂನ್ಯವನ್ನೂ, ಅವಳ ಅತಿಯಾದ ಅಕ್ಕರೆಯಿಂದ ಬಾಲಕನು ಪಡುವ ಸಂಕಟವನ್ನೂ ಚೆಕಾಫನು ಮರೆಮಾಚಿಲ್ಲ. ಟಾಲ್‌ಸ್ಟಾಯ್ ಮಾತ್ರ ಅವುಗಳ ಬಳಿ ನಿಲ್ಲದೆ ಮುಂದೆ ಸಾಗುತ್ತಾನೆ.

ಹಾಗೆಂದು ಚೆಕಾಫನ ಬರಹವೆಲ್ಲ ಆತನಿಗೆ ರುಚಿಸಿತೆಂದು ತಿಳಿಯಬಾರದು. ‘ನಾಯಿಯೊಡನೆ ಬಂದ ಮಹಿಳೆ’ಯನ್ನು ಓದಿ, ಇದರ ಪಾತ್ರಗಳಿಗೆ ಒಳಿತು ಕೆಡುಕುಗಳ ವಿವೇಚನೆಯಿಲ್ಲವೆಂದು 1900ರ ಜನವರಿಯ ದಿನಚರಿಯಲ್ಲಿ ಗೊಣಗಿಕೊಂಡಿದ್ದಾನೆ. ಅವನ ನಾಟಕಗಳಂತೂ ಷೇಕ್ಸ್‌ಪಿಯರನವಕ್ಕಿಂತ ಕಡೆ ಎಂದು ಅವನ ಕಿವಿಯಲ್ಲಿಯೇ ಹೇಳಿದನಂತೆ. ಷೇಕ್ಸ್‌ಪಿಯರನನ್ನೇ ಸಹಿಸದವನ ಮಾತು ಇದು. ಭೀಕರ ಕಥೆಗಳಿಗೆ ಹೆಸರಾದ ಆಂದ್ರೆಯೆವ್ ತನ್ನನ್ನು ಹೆದರಿಸಲು ನೋಡುತ್ತಾನೆ, ತನಗೇನೋ ಹೆದರಿಕೆಯಾಗುವುದಿಲ್ಲ ಎಂದು ನಕ್ಕನು. 1910ರಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಕಾದಂಬರಿಯನ್ನು ಕೈಗೆತ್ತಿಕೊಂಡು ಸಂಭಾಷಣೆಗಳು ಅಸಹಜವೆಂದು ಆಕ್ಷೇಪಿಸಿದನು. ಆದರೆ ಕೆಲವೇ ದಿನಗಳಲ್ಲಿ, ನಡುರಾತ್ರಿ ಎದ್ದು ಮನೆಯನ್ನು ಶಾಶ್ವತವಾಗಿ ತೊರೆದು ಹೋದಾಗ, ಅದರ ಎರಡನೆಯ ಸಂಪುಟವನ್ನು ತಂದುಕೊಡೆಂದು ಮಗಳಿಗೆ ಹೇಳಿಕಳುಹಿಸಿದನು.

ಟಾಲ್‌ಸ್ಟಾಯ್ ಹಿನ್ನುಡಿಯನ್ನು ಬರೆಯುವ ವೇಳೆಗೆ ಚೆಕಾಫನು ಇರಲಿಲ್ಲ. ಕ್ಷಯರೋಗದಿಂದ 1904ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಆದರೆ ಹಿರಿಯನ ಮೆಚ್ಚುಗೆಯನ್ನು ಆತನು ಬದುಕಿರುವಾಗಲೇ ಕಿವಿಯಾರ ಕೇಳಿದ್ದನು. ಆಗ ಅಲ್ಲಿದ್ದ ಗಾರ್ಕಿ ಆ ಸಂದರ್ಭವನ್ನು ನೆನೆದಿದ್ದಾನೆ. ಹಿಂದಿನ ಕಾಲದ ಕನ್ಯೆಯರು ತಮ್ಮ ಬಾಳಿನ ಕನಸುಗಳನ್ನೆಲ್ಲ ಕಸೂತಿಯ ಜಾಲರಿಯೊಳಗೆ ನೇಯುತ್ತಿದ್ದರು, ಈ ಕಥೆಯೂ ಅಂಥ ನೇಯ್ಗೆ ಎಂದು ಟಾಲ್‌ಸ್ಟಾಯ್ ಕಣ್ಣಲ್ಲಿ ನೀರು ತುಂಬಿ ಕೊಂಡಾಡುತ್ತಿದ್ದನಂತೆ. ಚೆಕಾಫನಿಗೆ ಅಂದು ಜ್ವರವಿತ್ತು. ಕೆನ್ನೆಗಳು ಕೆಂಪೇರಿದ್ದವು. ತಲೆ ತಗ್ಗಿಸಿಕೊಂಡು, ಕನ್ನಡಕದ ಗಾಜನ್ನು ಒರೆಸುತ್ತ ಬಹಳ ಹೊತ್ತು ಸುಮ್ಮನಿದ್ದನು. ಕೊನೆಗೆ ನಿಟ್ಟುಸಿರುಬಿಟ್ಟು, ಸಂಕೋಚದಿಂದ, ಆ ಕಥೆಯಲ್ಲಿ ಅಚ್ಚಿನ ತಪ್ಪುಗಳಿವೆ ಎಂದನು.